42 ಸಾವಿರದ ವಾಷಿಂಗ್ ಮಷಿನ್‌ಗೆ 4,800 ಕೊಟ್ಟು ಎಕ್ಸ್‌ಟೆಂಡೆಡ್ ವಾರಂಟಿ ತಗೋಬೇಕಾ?

ಹೊಸ ವಾಷಿಂಗ್ ಮಷಿನ್‌ಗೆ ಅಂಗಡಿಯವರು ಮಾರುವ ಎಕ್ಸ್‌ಟೆಂಡೆಡ್ ವಾರಂಟಿ ತಗೋಬೇಕಾ, ಬೇರೆ ಸಾಮಾನಿಗೂ ಬೇಕಾ ಅಂತ ಬರೆದು ಕೇಳಿದ್ದೀರಿ. ನಿಮಗೆ ಅಂಗಡಿಯವರು ಹೇಳಿದ ಮಾತನ್ನೇ ನನಗೂ ಹೇಳಿದ್ದರು: “ಪಿಸಿಬಿ ಹೋದರೆ ಎಂಟ್ಹತ್ತು ಸಾವಿರ ಸಾರ್, ಇದು ಬರೀ ನಾಲ್ಕೂ ಚಿಲ್ಲರೆ.” (ಪಿಸಿಬಿ ಅಂದರೆ ಮಷಿನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡು.) 2019ರ ಆಯುಧಪೂಜೆ ಸೇಲ್, ತುಮಕೂರು, ಏಳು ಕೆಜಿಯ ಫ್ರಂಟ್ ಲೋಡ್. ಕಂಪನಿ ವಾರಂಟಿಯ ಎರಡು ವರ್ಷ ಮುಗಿದ ಮೇಲೆ ಅಂಗಡಿಯ ಪ್ಲಾನ್, ಅಂದರೆ ಎಕ್ಸ್‌ಟೆಂಡೆಡ್ ವಾರಂಟಿ, ಇನ್ನೆರಡು ವರ್ಷ. ತಗೊಂಡೆ. ಅವರು ಹೇಳಿದಂತೆ ಪಿಸಿಬಿಯೇ ಹೋಯಿತು, ಅದೂ 2022ರ ಜೂನ್‌ನಲ್ಲಿ, ಪ್ಲಾನ್ ಇನ್ನೂ ಚಾಲ್ತಿಯಲ್ಲಿದ್ದಾಗ. ಆದರೂ 8,700 ರೂಪಾಯಿ ಕಟ್ಟಿದ್ದು ನಾನೇ.

ಆ ದಿನ ಮಷಿನ್ ಅರ್ಧಕ್ಕೆ ನಿಂತಿತ್ತು. ಒಳಗೆ ನೀರು, ಬಾಗಿಲು ಲಾಕ್. (ನಿಮಗೂ ಹೀಗಾದರೆ ಬಾಗಿಲು ಎಳೆದಾಡಬೇಡಿ. ಮೊದಲು ಪ್ಲಗ್ ತೆಗೆಯಿರಿ. ಕೆಳಗೆ ಬಲಕ್ಕೋ ಎಡಕ್ಕೋ ಒಂದು ಚಿಕ್ಕ ಮುಚ್ಚಳ ಇರುತ್ತದೆ, ಅದರೊಳಗೆ ಸಣ್ಣ ಪೈಪು, ಪಕ್ಕದಲ್ಲಿ ಫಿಲ್ಟರ್. ತಟ್ಟೆ ಇಟ್ಟು ಪೈಪಿನಿಂದ ನೀರು ಇಳಿಸಿ, ಆಮೇಲೆ ಫಿಲ್ಟರನ್ನು ನಿಧಾನಕ್ಕೆ ತಿರುಗಿಸಿ. ಹಲವು ಮಾಡೆಲ್‌ಗಳಲ್ಲಿ ಬಾಗಿಲು ಬಿಡಿಸುವ ದಾರವೂ ಅಲ್ಲೇ ಇರುತ್ತದೆ.) ಪ್ಲಾನ್ ಕಡೆಯಿಂದ ಬಂದ ಟೆಕ್ನಿಷಿಯನ್ ಮಷಿನ್ ಬಿಚ್ಚುವ ಮುಂಚೆಯೇ ಬಾಗಿಲಿನ ಒಳಅಂಚಿನ ಸ್ಟಿಕ್ಕರ್‌ನ ಫೋಟೊ ತೆಗೆದು ಕಳಿಸಿದ. ಮಾರನೇ ದಿನ ಕ್ಲೇಮ್ ರಿಜೆಕ್ಟ್ ಅಂತ ಮೆಸೇಜ್ ಬಂತು. ಕಾರಣ: ಸೀರಿಯಲ್ ನಂಬರ್ ಹೊಂದಿಲ್ಲ.

ಈ ಒಂದು ತಪ್ಪನ್ನು ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಯಾವ ಅಂಗಡಿಯವರೂ ಇದನ್ನು ಹೇಳುವುದಿಲ್ಲ. ಮೊದಲು ಬಂದ ಮಷಿನ್‌ನ ಪಕ್ಕದ ತಗಡು ಸೊಟ್ಟಗಾಗಿತ್ತು. ಫೋನ್ ಮಾಡಿದೆ, ಮೂರನೇ ದಿನ ಅದನ್ನು ವಾಪಸ್ ಒಯ್ದು ಬೇರೆ ತಂದು ಇಟ್ಟರು. ಅದೇ ಮಾಡೆಲ್, ಅದೇ ಬಣ್ಣ. ಆದರೆ ಬಿಲ್ಲಿನಲ್ಲಿ ಇದ್ದದ್ದು ಹಳೆಯ ಮಷಿನ್‌ನ ಸೀರಿಯಲ್ ನಂಬರ್, ಪ್ಲಾನ್ ಸರ್ಟಿಫಿಕೇಟ್ ತಯಾರಾಗಿದ್ದು ಆ ಬಿಲ್ಲಿನಿಂದ. ಬದಲಾವಣೆಗೆ ಒಂದು ಚೀಟಿಯನ್ನೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಇದು ಗೊತ್ತೇ ಆಗಲಿಲ್ಲ. ಇನ್‌ಸ್ಟಾಲೇಶನ್‌ಗೆ ಬಂದ ಕಂಪನಿಯ ಹುಡುಗ ಎದುರಿಗಿದ್ದ ಸ್ಟಿಕ್ಕರ್ ನೋಡಿಯೇ ತನ್ನ ಆ್ಯಪ್‌ಗೆ ನಂಬರ್ ಹಾಕಿದ್ದ. ಹಾಗಾಗಿ ಕಂಪನಿ ವಾರಂಟಿಯಲ್ಲಿ ಒಮ್ಮೆ ಡ್ರೇನ್ ಪಂಪ್ ಸಲೀಸಾಗಿ ಬದಲಾಯಿತು. ಕಂಪನಿಯ ದಾಖಲೆಯಲ್ಲಿ ಒಂದು ಮಷಿನ್, ಪ್ಲಾನ್‌ನ ದಾಖಲೆಯಲ್ಲಿ ಇನ್ನೊಂದು. ನನ್ನ ಮನೆಯಲ್ಲಿ ಇಲ್ಲದ ಮಷಿನ್‌ಗೆ ನಾನು ವಾರಂಟಿ ಕೊಂಡಿದ್ದೆ.

ಬದಲಾಯಿಸಿದ ದಿನವೇ ಸರಿಪಡಿಸಿಕೊಳ್ಳಬಹುದಿತ್ತು. ಹಳೇ ಬಿಲ್ ರದ್ದು ಮಾಡಿಸಿ ಹೊಸ ನಂಬರಿನ ಬಿಲ್ ಪಡೆಯಬೇಕು. ಆ ಬಿಲ್ಲನ್ನು ಪ್ಲಾನ್ ನಡೆಸುವ ಕಂಪನಿಗೆ ಇಮೇಲ್ ಮಾಡಿ ತಿದ್ದಿದ ಸರ್ಟಿಫಿಕೇಟ್ ಕೇಳಬೇಕು. ಫೋನಿನಲ್ಲಿ “ಆಯ್ತು ಸಾರ್, ಅಪ್‌ಡೇಟ್ ಮಾಡಿದೀವಿ” ಅಂದರೆ ಸಾಲದು, ಕೈಗೆ ಪಿಡಿಎಫ್ ಬರಬೇಕು. ಹಾಗೊಂದು ಇಮೇಲ್ ಇದ್ದಿದ್ದರೆ ಜಗಳಕ್ಕೆ ಆಧಾರವಾದರೂ ಇರುತ್ತಿತ್ತು. 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು, ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು, ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಆದರೆ ಎಲ್ಲಿ ಹೋದರೂ ಮೊದಲು ಕೇಳುವುದು ಕಾಗದ.

ಈಗ ನಿಮ್ಮ ಪ್ರಶ್ನೆ. ತಗೋಬೇಕಾ ಬೇಡ್ವಾ ಅನ್ನೋದನ್ನು ಬಿಲ್ಲಿಂಗ್ ಕೌಂಟರ್‌ನಲ್ಲಿ ನಿಂತು ತೀರ್ಮಾನಿಸಬೇಕು ಅಂದುಕೊಂಡಿದ್ದೀರಲ್ಲ, ಅದನ್ನೇ ನಾನು ಒಪ್ಪುವುದಿಲ್ಲ. “ಇವತ್ತು ಬಿಟ್ಟರೆ ಸಿಗಲ್ಲ” ಅನ್ನುವುದು ಅಂಗಡಿಯ ಪ್ಲಾನ್‌ಗೆ ಮಾತ್ರ ನಿಜ. ದೊಡ್ಡ ಕಂಪನಿಗಳಲ್ಲಿ ಬಹುಪಾಲು ತಮ್ಮದೇ ಎಕ್ಸ್‌ಟೆಂಡೆಡ್ ವಾರಂಟಿಯನ್ನು ಮೂಲ ವಾರಂಟಿ ಮುಗಿಯುವ ಮುಂಚೆ ಯಾವಾಗ ಕೇಳಿದರೂ ಮಾರುತ್ತವೆ. ನಿಮ್ಮ ಮಷಿನ್‌ಗೆ ಎರಡು ವರ್ಷದ ವಾರಂಟಿ ಇದ್ದರೆ ಇಪ್ಪತ್ಮೂರನೇ ತಿಂಗಳಿಗೆ ಫೋನ್‌ನಲ್ಲಿ ರಿಮೈಂಡರ್ ಹಾಕಿ. ಅಷ್ಟರಲ್ಲಿ ಮಷಿನ್ ಹೇಗಿದೆ, ನಿಮ್ಮ ಊರಲ್ಲಿ ಆ ಕಂಪನಿಯ ಸರ್ವಿಸ್ ಹೇಗಿದೆ ಎರಡೂ ಗೊತ್ತಾಗಿರುತ್ತದೆ. ಆಗ ಕಂಪನಿಯಿಂದಲೇ ತಗೊಳ್ಳಿ. ಫ್ರಂಟ್ ಲೋಡ್‌ಗೆ ತಗೊಳ್ಳಿ ಅಂತಲೇ ನನ್ನ ಸಲಹೆ. ಅಂಗಡಿಯ ಪ್ಲಾನ್ ಬೇಡ. ಅದನ್ನು ನಡೆಸುವುದು ಸಾಮಾನ್ಯವಾಗಿ ಮೂರನೆಯ ಕಂಪನಿ. ಮಷಿನ್ ಮಾಡಿದವರಿಗೂ ಅದಕ್ಕೂ ಸಂಬಂಧ ಇರುವುದಿಲ್ಲ.

ವಾರಂಟಿ ಪತ್ರದ ಮೇಲಿನ ದೊಡ್ಡ ಅಕ್ಷರಕ್ಕಿಂತ “ಇವು ಸೇರಿಲ್ಲ” ಅನ್ನುವ ಭಾಗವನ್ನೇ ಮೊದಲು ಓದಿ. ರಬ್ಬರ್, ಪ್ಲಾಸ್ಟಿಕ್, ತುಕ್ಕು, ಇಲಿ ಜಿರಳೆಯಿಂದಾದ ಹಾನಿ, ವೋಲ್ಟೇಜ್ ಏರಿಳಿತ ಸಾಮಾನ್ಯವಾಗಿ ಅಲ್ಲಿರುತ್ತವೆ. ಫ್ರಂಟ್ ಲೋಡ್‌ನಲ್ಲಿ ಹಾಳಾಗುವುದು ಯಾವುದು ನೋಡಿ: ಬಾಗಿಲಿನ ಗ್ಯಾಸ್ಕೆಟ್ ರಬ್ಬರ್, ಬೋರ್‌ವೆಲ್ ನೀರಿಗೆ ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಅಲ್ಯೂಮಿನಿಯಂ ಚೌಕಟ್ಟಿನ (ಸ್ಪೈಡರ್) ಸವೆತ, ಬೇರಿಂಗ್, ಹೀಟರ್ ಮೇಲೆ ಕಟ್ಟುವ ಸುಣ್ಣ, ಕೊನೆಗೆ ಪಿಸಿಬಿ. ಇದರಲ್ಲಿ ಎಷ್ಟು ಸೇರಿವೆ ಅಂತ ಬರವಣಿಗೆಯಲ್ಲಿ ಕೇಳಿ. “ಮೋಟರ್‌ಗೆ 10 ವರ್ಷ” ಅನ್ನುವ ಸ್ಟಿಕ್ಕರ್ ನಂಬಿ ಕೂರಬೇಡಿ, ಅದು ಮೋಟರ್ ಎಂಬ ಬಿಡಿಭಾಗಕ್ಕೆ ಮಾತ್ರ. ಪಿಸಿಬಿ ಅದರಲ್ಲಿಲ್ಲ, ಬಿಚ್ಚಿ ಹಾಕುವ ಕೂಲಿಯೂ ಅನೇಕ ಸಲ ಬೇರೆ. ಅವಧಿ ಯಾವತ್ತಿನಿಂದ ಅಂತಲೂ ನೋಡಿ. “ಮೂರು ವರ್ಷ” ಅಂದರೆ ಕಂಪನಿ ವಾರಂಟಿ ಮುಗಿದ ಮೇಲಿನ ಮೂರೋ, ಕೊಂಡ ದಿನದಿಂದ ಮೂರೋ? ಎರಡನೆಯದಾದರೆ ನಿಮಗೆ ಸಿಗುವುದು ಒಂದೇ ವರ್ಷ, ಅದಕ್ಕೆ 4,800 ಕೊಡಬೇಡಿ.

ಪಿಸಿಬಿ ಹೆದರಿಕೆಗೆ ವಾರಂಟಿಗಿಂತ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ. ಮಳೆಗಾಳಿಗೆ ಕಂಬದಲ್ಲಿ ನ್ಯೂಟ್ರಲ್ ತಂತಿ (ಕರೆಂಟ್ ವಾಪಸ್ ಹೋಗುವ ತಂತಿ) ಕಡಿದರೆ 230 ಇರಬೇಕಾದ ಪ್ಲಗ್ಗಿನಲ್ಲಿ 300, 350, ಕೆಲವೊಮ್ಮೆ 400ರ ಹತ್ತಿರ ವೋಲ್ಟ್ ಬರುತ್ತದೆ. ಪಿಸಿಬಿ ಸುಡಲು ಕೆಲವು ಸೆಕೆಂಡ್ ಸಾಕು. “ಇದಕ್ಕೆ ಸ್ಟೆಬಿಲೈಸರ್ ಬೇಡ” ಅಂತ ಕಂಪನಿಯವರು ಹೇಳುವುದು ಸಣ್ಣ ಏರಿಳಿತದ ಲೆಕ್ಕದಲ್ಲಿ, ಇದರ ಲೆಕ್ಕದಲ್ಲಿ ಅಲ್ಲ. ಎಲೆಕ್ಟ್ರಿಷಿಯನ್‌ಗೆ ಹೇಳಿ ಡಿಬಿ ಬಾಕ್ಸ್‌ನಲ್ಲಿ (ಮನೆಯ ಮೇನ್ ಸ್ವಿಚ್‌ಗಳಿರುವ ಪೆಟ್ಟಿಗೆ) ಓವರ್–ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸಿ. 270ರ ಸುಮಾರಿಗೆ ತಾನೇ ಕಟ್ ಆಗಿ, ವೋಲ್ಟೇಜ್ ಸರಿಯಾದ ಮೇಲೆ ಸ್ವಲ್ಪ ತಡೆದು ಮತ್ತೆ ಸೇರಿಕೊಳ್ಳುತ್ತದೆ. ಸಾವಿರದಿಂದ ಎರಡು ಸಾವಿರದೊಳಗೆ ಮುಗಿಯುವ ಕೆಲಸ, ಟಿವಿ ಫ್ರಿಜ್ಜನ್ನೂ ಕಾಯುತ್ತದೆ. ಅರ್ಥಿಂಗ್ ಸರಿಯಿದೆಯಾ ಅಂತ ಅದೇ ದಿನ ನೋಡಿಸಿ. ನಾನು ಇದನ್ನು ಹಾಕಿಸಿದ್ದು ಪಿಸಿಬಿ ಸುಟ್ಟ ಮೇಲೆ.

ಬೇರೆ ಸಾಮಾನಿನ ಬಗ್ಗೆಯೂ ಕೇಳಿದ್ದೀರಿ. ಸಿಂಗಲ್ ಡೋರ್ ಫ್ರಿಜ್, ಮಿಕ್ಸಿ, ಗೀಸರ್‌ಗಳ ಎಕ್ಸ್‌ಟೆಂಡೆಡ್ ವಾರಂಟಿಗೆ ದುಡ್ಡು ಹಾಕಬೇಡಿ. ಗೀಸರ್‌ಗೆ ವರ್ಷಕ್ಕೊಮ್ಮೆ ಮೆಗ್ನೀಷಿಯಂ ರಾಡ್ ತೆಗೆದು ನೋಡಿಸಿ, ಸವೆದಿದ್ದರೆ ಬದಲಿಸಿ, ಟ್ಯಾಂಕ್ ತೂತಾಗುವುದನ್ನು ತಡೆಯುವುದು ಅದೇ. ದೊಡ್ಡ ಟಿವಿಗೆ ಪ್ಯಾನಲ್ (ಪರದೆ) ಸೇರಿದ್ದರೆ ಮಾತ್ರ ತಗೊಳ್ಳಿ. ಇನ್ವರ್ಟರ್ ಎಸಿಗೆ ಪಿಸಿಬಿ, ಕಾಯಿಲ್ (ಗ್ಯಾಸ್ ಹರಿಯುವ ಕೊಳವೆ ಸುರುಳಿ), ಗ್ಯಾಸ್ ಮೂರೂ ಸೇರಿದ್ದರೆ ಮಾತ್ರ. ಮಂಗಳೂರು, ಉಡುಪಿ, ಕಾರವಾರದವರಿಗೆ ಉಪ್ಪುಗಾಳಿಗೆ ಹೊರಗಿನ ಕಾಯಿಲ್ ಬೇಗ ಹೋಗುತ್ತದೆ, ಪತ್ರದಲ್ಲಿ ತುಕ್ಕು ಹೊರಗಿಟ್ಟಿದ್ದರೆ ಅಂಥ ಕಡೆ ಆ ವಾರಂಟಿಯಿಂದ ಉಪಯೋಗವಿಲ್ಲ.

ಇನ್ನೊಂದು ಮಾತು. ವಾರಂಟಿ ಇರುವಾಗ “ಸುಮ್ಮನೆ ನೋಡ್ತೀನಿ” ಅಂತ ಪರಿಚಯದ ಮೆಕ್ಯಾನಿಕ್ ಬಂದರೂ ಹಿಂದಿನ ತಗಡು ಬಿಚ್ಚಲು ಬಿಡಬೇಡಿ. ಸೀಲ್ ಕಿತ್ತಿದ್ದರೆ ಅದೊಂದೇ ಕಾರಣಕ್ಕೆ ಕ್ಲೇಮ್ ರಿಜೆಕ್ಟ್ ಆಗಬಹುದು.

ಶನಿವಾರ ಮಷಿನ್ ಬರುತ್ತದೆ ಅಂತ ಬರೆದಿದ್ದೀರಿ. ತಂದವರು ಸಹಿ ಕೇಳಿದರೆ ಐದು ನಿಮಿಷ ನಿಲ್ಲಿಸಿ. ಡಬ್ಬದ ಮೇಲೆ ಒಂದು ಸೀರಿಯಲ್ ನಂಬರ್, ಬಾಗಿಲಿನ ಒಳಅಂಚಿನಲ್ಲೋ ಹಿಂಬದಿಯಲ್ಲೋ ಒಂದು, ಬಿಲ್ಲಿನಲ್ಲಿ ಒಂದು. ಮೂರನ್ನೂ ಬೆರಳಿಟ್ಟು ಅಂಕಿ ಅಂಕಿ ಹೋಲಿಸಿ ಫೋಟೊ ತೆಗೆದುಕೊಳ್ಳಿ. ನಾಲ್ಕೂ ಬದಿ ತಡವಿ ನೋಡಿ. ತಗಡು ಸೊಟ್ಟಗಿದ್ದರೆ ಸಹಿ ಹಾಕದೆ, ಡೆಲಿವರಿ ಚೀಟಿಯ (ಚಲನ್) ಮೇಲೆ ಅದನ್ನು ಬರೆಸಿ ವಾಪಸ್ ಕಳಿಸಿ.