ಲಾಗಿನ್ ಆಗುತ್ತದೆ, ಫೈಲ್ ಮಾತ್ರ ಹೋಗುವುದಿಲ್ಲ, ಯಾಕೆ?

ಬಳ್ಳಾರಿಯ ಜೀನ್ಸ್ ಘಟಕದಿಂದ ಬೆಂಗಳೂರಿನ ಸರ್ವರ್‌ಗೆ ಎಫ್‌ಟಿಪಿಯಲ್ಲಿ (ನೆಟ್‌ನಲ್ಲಿ ಫೈಲ್ ಕಳಿಸುವ ಹಳೆಯ ವಿಧಾನ) ಲಾಗಿನ್ ಆಗುತ್ತದೆ, ಬಿಲ್ ಫೈಲ್ ಮಾತ್ರ ಸೊನ್ನೆ ಬೈಟ್‌ನಲ್ಲೇ ನಿಲ್ಲುತ್ತದೆ ಅಂದಿರಿ, ಅಲ್ವಾ? ಹಾಗಾದರೆ ಪಾಸ್‌ವರ್ಡ್ ಸರಿಯಿದೆ. ಸುಮ್ನೆ ಅದನ್ನು ಬದಲಿಸುತ್ತಾ ಕೂರಬೇಡಿ.

ಎಫ್‌ಟಿಪಿಗೆ ಎರಡು ದಾರಿ. ಲಾಗಿನ್ 21ನೇ ಪೋರ್ಟ್‌ನಲ್ಲಿ (ಪೋರ್ಟ್ ಅಂದರೆ ಸಂಖ್ಯೆ ಹಾಕಿದ ಬಾಗಿಲು), ಫೈಲ್ ಬೇರೊಂದರಲ್ಲಿ. ಆಕ್ಟಿವ್ ಮೋಡ್‌ನಲ್ಲಿ ಸರ್ವರೇ ನಿಮ್ಮ ಬಾಗಿಲು ತಟ್ಟುತ್ತದೆ. ನಿಮ್ಮ ರೂಟರ್ ಒಳಗೆ ಬಿಡುವುದಿಲ್ಲ. ಮೊದಲು ಪ್ಯಾಸಿವ್ ಮೋಡ್‌ಗೆ ಬದಲಿಸಿ, ಆಗ ನೀವೇ ಸರ್ವರ್‌ನ ಬಾಗಿಲು ತಟ್ಟುತ್ತೀರಿ. ಸರ್ವರ್‌ನಲ್ಲಿ ಪ್ಯಾಸಿವ್ ಪೋರ್ಟ್‌ಗಳನ್ನು, ಉದಾಹರಣೆಗೆ 50000ರಿಂದ 50100 ಅಂತ ಗೊತ್ತುಮಾಡಿಸಿ, ಅಷ್ಟನ್ನೇ ಸರ್ವರ್ ಕಡೆಯ ಫೈರ್‌ವಾಲ್‌ನಲ್ಲಿ (ಒಳಬರುವುದನ್ನು ತಡೆಯುವ ಕಾವಲು) ತೆರೆಸಿ. ಆಮೇಲೆ ನಿಮ್ಮ ಎಫ್‌ಟಿಪಿ ತಂತ್ರಾಂಶದ ಲಾಗ್‌ನಲ್ಲಿ 227 ಅಂತ ಶುರುವಾಗುವ ಸಾಲು ನೋಡಿ, ಫೈಲ್ ಎಲ್ಲಿಗೆ ಕಳಿಸಬೇಕೆಂದು ಸರ್ವರ್ ಹೇಳುವುದು ಅಲ್ಲೇ. ಅದರ ಕಂಸದೊಳಗೆ 192,168 ಕಂಡರೆ ಸರ್ವರ್ ತನ್ನ ಒಳಮನೆಯ ವಿಳಾಸ ಕೊಡುತ್ತಿದೆ, ಹೊರಗಿನಿಂದ ಅದನ್ನು ತಲುಪಲಾಗದು. ಸರ್ವರ್‌ನ ಪ್ಯಾಸಿವ್ ಸೆಟ್ಟಿಂಗ್‌ನಲ್ಲಿ ಪಬ್ಲಿಕ್ ಐಪಿ (ಹೊರಗಿನಿಂದ ತಲುಪಬಹುದಾದ ವಿಳಾಸ) ಹಾಕಿಸಿ.

ನನ್ನನ್ನು ಕೇಳಿದರೆ ಎಸ್‌ಎಫ್‌ಟಿಪಿಗೇ (ಫೈಲನ್ನು ಗೂಢಲಿಪಿಯಲ್ಲಿ ಕಳಿಸುವ ಬೇರೆ ವಿಧಾನ) ಹೋಗಿ. ಸಾಮಾನ್ಯವಾಗಿ 22ನೇ ಪೋರ್ಟ್ ಒಂದೇ ಸಾಕು, ಗ್ರಾಹಕರ ಲೆಕ್ಕವೂ ದಾರಿಯಲ್ಲಿ ಬಯಲಾಗುವುದಿಲ್ಲ.