ಬಸ್ಸಿನಲ್ಲಿ ಮೊಬೈಲ್ ಕದ್ದರೆ ‘ಕಳೆದುಹೋಗಿದೆ’ ಎಂದು ಬರೆದುಕೊಡಬೇಡಿ

ಓದುಗರ ಪ್ರಶ್ನೆ, ವಕೀಲರ ಉತ್ತರ

ಸಾಗರದ್ದಿರಲಿ, ಶಿವಮೊಗ್ಗ ಕೋಟೆಯದ್ದಿರಲಿ, ಮಾರಿಕಾಂಬಾ ಜಾತ್ರೆ ಮುಗಿಯುತ್ತಿದ್ದಂತೆ ಇದೇ ಪ್ರಶ್ನೆಗಳು ಬರುತ್ತವೆ. ಸಿಮ್ ನಿಲ್ಲಿಸುವುದು, ಬ್ಯಾಂಕಿಗೆ ತಿಳಿಸುವುದು ಎಲ್ಲರಿಗೂ ಗೊತ್ತು. ಅದನ್ನು ಬಿಟ್ಟು ಮುಂದಿನದನ್ನು ಹೇಳುತ್ತೇನೆ.

ಪ್ರಶ್ನೆ: ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವಾಗ ರಶ್ಶಿನಲ್ಲಿ ಜೇಬಿನಿಂದ ಫೋನ್ ಎಗರಿಸಿದರು. ಠಾಣೆಯಲ್ಲಿ ‘ಕಳೆದುಹೋಗಿದೆ ಅಂತ ಬರೆದುಕೊಡಿ, ಬ್ಲಾಕ್ ಮಾಡಿಸಿಕೊಳ್ಳಿ’ ಎಂದರು. ಅಷ್ಟು ಸಾಕಲ್ಲವೇ?

ಉತ್ತರ: ಸಾಲದು. ‘ಕಳೆದುಹೋಗಿದೆ’ ಎಂದು ಬರೆದರೆ ಅಲ್ಲಿ ಅಪರಾಧವೇ ಇಲ್ಲ. ಎಫ್‌ಐಆರ್ ಇಲ್ಲ, ತನಿಖೆ ಇಲ್ಲ. ಪೊಲೀಸರ ಆನ್‌ಲೈನ್ ಸೇವೆ ಇ-ಲಾಸ್ಟ್ ಇರುವುದು ಅಂಕಪಟ್ಟಿ, ಆರ್‌ಸಿ ಬೀಳಿಸಿಕೊಂಡವರಿಗೆ, ಕಳವಿನ ದೂರಿಗಲ್ಲ. ಆ ಸ್ವೀಕೃತಿ ಇಟ್ಟುಕೊಂಡು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನ್ ಬ್ಲಾಕ್ ಮಾಡಿಸಬಹುದು, ನಿಜ. ಹಾಗಾಗಿಯೇ ಜನ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ, ಕದ್ದವನು ಆರಾಮಾಗಿರುತ್ತಾನೆ.

ಕಾನೂನಿನಲ್ಲಿ ಹಲ್ಲಿಲ್ಲ ಎಂದು ದೂರುವವರು ಇದನ್ನು ಗಮನಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯ ಕಳವಿಗೆ, ಅಂದರೆ ಕಲಂ 303(2)ಕ್ಕೆ, 3 ವರ್ಷದವರೆಗೆ ಸಜೆ. ಕೈಯಿಂದ ಕಿತ್ತುಕೊಂಡು ಓಡಿದರೆ ಕಲಂ 304, ಅದಕ್ಕೂ 3 ವರ್ಷ. ಪ್ರಯಾಣಿಕರ ವಾಹನದಿಂದ ಕದ್ದರೆ ಕಲಂ 305, 7 ವರ್ಷದವರೆಗೆ. ಇನ್ನೊಂದು ಸೂಕ್ಷ್ಮವಿದೆ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ 303ರ ಕಳವು ಎನ್‌ಸಿ, ಅಂದರೆ ಅಸಂಜ್ಞೇಯ ಅಪರಾಧ ಆಗುತ್ತದೆ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದವನು ಮಾಲು ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ ಮಾತ್ರ. ‘ಹಳೇ ಫೋನು, 4,000 ಇರಬಹುದು’ ಎಂದು ಬಾಯಿಗೆ ಬಂದ ಬೆಲೆ ಬರೆಯಬೇಡಿ. ಉಬ್ಬಿಸಿಯೂ ಬರೆಯಬೇಡಿ, ಬಿಲ್ ಲಗತ್ತಿಸಿ. ಕಲಂ 305ಕ್ಕೆ ಈ 5,000ದ ಗೆರೆಯೇ ಇಲ್ಲ. ಆದ್ದರಿಂದ ‘ಬಸ್ಸಿನಲ್ಲಿ’ ಎಂಬುದು ದೂರಿನ ಮೊದಲ ಸಾಲಿನಲ್ಲೇ ಇರಲಿ. ಟಿಕೆಟ್ ಎಸೆಯಬೇಡಿ, ಯಾವ ಬಸ್ಸು, ಎಷ್ಟು ಹೊತ್ತಿಗೆ ಎಂಬುದಕ್ಕೆ ಅದೇ ಸಾಕ್ಷಿ. ಕೊನೆಯದಾಗಿ ಫೋನ್ ಬಳಸಿದ್ದು ಎಲ್ಲಿ, ಇಲ್ಲವೆಂದು ಗೊತ್ತಾದದ್ದು ಎಲ್ಲಿ, ಬ್ಯಾಗಿನ ಜಿಪ್ ತೆರೆದಿತ್ತೇ, ಬ್ಲೇಡಿನಲ್ಲಿ ಕೊಯ್ದಿತ್ತೇ, ಎಲ್ಲವನ್ನೂ ಬರೆಯಿರಿ.

‘ಮಂಡಗದ್ದೆ ಹತ್ತಿರ ಆಗಿದ್ದು, ನಮ್ಮ ವ್ಯಾಪ್ತಿಯಲ್ಲ’ ಎಂದರೆ ಒಪ್ಪಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ಮ್ಯಾಜಿಸ್ಟ್ರೇಟರ ಆದೇಶಕ್ಕೆ ಕಾಯದೆ ತನಿಖೆ ಮಾಡಬಹುದಾದ ಅಪರಾಧದ, ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಇ-ಮೇಲ್‌ನಂಥ ಎಲೆಕ್ಟ್ರಾನಿಕ್ ದಾರಿಯಲ್ಲಿ ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ದೂರನ್ನು ಅಂಚೆಯಲ್ಲಿ ಎಸ್ಪಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ.

ಹೆಚ್ಚಿನವರು ಎಡವುವುದು ಐಎಂಇಐನಲ್ಲಿ, ಅಂದರೆ ಫೋನಿನ ಗುರುತಿನ ಸಂಖ್ಯೆಯಲ್ಲಿ. 15 ಅಂಕಿ, ಎರಡು ಸಿಮ್‌ಗೆ ಎರಡು ಸಂಖ್ಯೆ, ಎರಡೂ ಬೇಕು. ಡಬ್ಬ, ಬಿಲ್ ಎರಡೂ ಇಲ್ಲದಿದ್ದರೆ ಗೂಗಲ್ ಖಾತೆಯ ‘ಫೈಂಡ್’ ಪುಟದಲ್ಲಿ ಹುಡುಕಿ. ಬ್ಲಾಕ್ ಅರ್ಜಿಯ ಒಟಿಪಿ ಬರುವುದು ಕಳುವಾದ ನಂಬರಿಗೆ. ಹೊಸ ಸಿಮ್‌ಗೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ, ಹಾಗಾಗಿ ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ಅದೇ ದಿನ ತೆಗೆದುಕೊಳ್ಳಿ. ಫೋನ್ ಸಿಕ್ಕಮೇಲೆ ಅನ್‌ಬ್ಲಾಕ್ ಅರ್ಜಿಯನ್ನೂ ನೀವೇ ಹಾಕಬೇಕು.

ಪ್ರಶ್ನೆ: ಐಎಂಇಐ ಬದಲಿಸಿಬಿಟ್ಟರೆ ಇದೆಲ್ಲ ವ್ಯರ್ಥವಲ್ಲವೇ?

ಉತ್ತರ: ಬದಲಿಸುವುದೇ ಬೇರೆ ಅಪರಾಧ. 2023ರ ದೂರಸಂಪರ್ಕ ಕಾಯ್ದೆಯ ಕಲಂ 42ರಲ್ಲಿ 3 ವರ್ಷದವರೆಗೆ ಸಜೆ, 50 ಲಕ್ಷದವರೆಗೆ ದಂಡ, ಅಥವಾ ಎರಡೂ. ಜಾಮೀನು ಹಕ್ಕಾಗಿ ಸಿಗುವುದಿಲ್ಲ. ‘ಐಎಂಇಐ ರಿಪೇರಿ’ ಎಂದು ಕೆಲಸ ಹಿಡಿಯುವ ಅಂಗಡಿಯವರು ಇದನ್ನು ಓದಲಿ. ಗೊತ್ತಿದ್ದೂ ಅಂಥ ಫೋನ್ ಇಟ್ಟುಕೊಂಡವನಿಗೂ ಇದೇ ಕಲಂ. ಆದರೆ ಬ್ಲಾಕ್ ಕೆಲಸ ಮಾಡುವುದು ಭಾರತದ ನೆಟ್‌ವರ್ಕ್‌ನಲ್ಲಿ ಮಾತ್ರ, ಬಿಚ್ಚಿ ಮಾರಿದ ಡಿಸ್‌ಪ್ಲೇಗೆ ಐಎಂಇಐ ಇರುವುದಿಲ್ಲ. ಕಳುವಾದ ಫೋನನ್ನು ದೂರದಿಂದಲೇ ನಿಷ್ಕ್ರಿಯಗೊಳಿಸುವ ಸೌಲಭ್ಯ ಇರಲೇಬೇಕೆಂದು ಕ್ಯಾಲಿಫೋರ್ನಿಯಾ 2014ರಲ್ಲೇ ಕಾನೂನು ಮಾಡಿತು; ನಮ್ಮಲ್ಲೂ ಅಂಥದ್ದು ಬರಬೇಕು. ಅಲ್ಲಿಯವರೆಗೆ ಗೂಗಲ್ ಅಥವಾ ಆಪಲ್ ಖಾತೆಯ ಲಾಕೇ ಗತಿ. ಗಾಬರಿಯಲ್ಲಿ ಐಫೋನನ್ನು ಖಾತೆಯಿಂದ ತೆಗೆದುಹಾಕಿದರೆ ಆ ಲಾಕನ್ನು ಕಳ್ಳನಿಗಾಗಿ ನೀವೇ ಬಿಚ್ಚಿದಂತೆ.

ಪ್ರಶ್ನೆ: 2,000 ಕೊಟ್ಟರೆ ಐಎಂಇಐ ಟ್ರ್ಯಾಕ್ ಮಾಡಿಕೊಡುತ್ತೇನೆ ಎನ್ನುತ್ತಾರೆ, ಕೊಡಬಹುದೇ?

ಉತ್ತರ: ಮೋಸ. ಆ ಮಾಹಿತಿಯನ್ನು ಮೊಬೈಲ್ ಕಂಪನಿಗಳು ಪೊಲೀಸರಿಗೆ ಕೊಡುತ್ತವೆ, ಖಾಸಗಿಯವರಿಗಲ್ಲ.

ಪ್ರಶ್ನೆ: ಅಂಜನ ಹಾಕಿಸಿದಾಗ ಪಕ್ಕದ ಮನೆ ಹುಡುಗನ ಹೆಸರು ಬಂತು. ದೂರಿನಲ್ಲಿ ಸೇರಿಸಲೇ?

ಉತ್ತರ: ಖಂಡಿತ ಬೇಡ. ಸಿಗಂದೂರು ಚೌಡೇಶ್ವರಿಗೆ ಹರಕೆ ಹೊತ್ತುಕೊಳ್ಳುವುದು ನಿಮ್ಮ ನಂಬಿಕೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಂಜನದವನ ಮಾತು ಕೇಳಿ ಒಬ್ಬ ಹುಡುಗನಿಗೆ ಕಳ್ಳನ ಪಟ್ಟ ಕಟ್ಟಿದರೆ, ನ್ಯಾಯ ಸಂಹಿತೆಯ ಮಾನಹಾನಿಯ ಕಲಂ 356ರಲ್ಲಿ ಆರೋಪಿಯಾಗುವವರು ನೀವು.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುಂಚೆ?

ಉತ್ತರ: ಕೆವೈಎಂ (KYM) ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಐಎಂಇಐ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ಬ್ಲ್ಯಾಕ್‌ಲಿಸ್ಟ್, ಡೂಪ್ಲಿಕೇಟ್, ‘ಈಗಾಗಲೇ ಬಳಕೆಯಲ್ಲಿದೆ’, ಇವುಗಳಲ್ಲಿ ಯಾವುದೇ ಬಂದರೂ ಕೊಳ್ಳಬೇಡಿ.

ಪ್ರಶ್ನೆ: ಎಫ್‌ಐಆರ್ ಮಾಡಿಸಿದರೆ ಫೋನ್ ಕೋರ್ಟಿನಲ್ಲೇ ಕೊಳೆಯುತ್ತದಂತೆ?

ಉತ್ತರ: ಜಪ್ತಿಯಾದ ಮಾಲು ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬೇಕು, ಆ ಓಡಾಟ ತಪ್ಪದು. ಆದರೆ ವಿಚಾರಣೆ ಮುಗಿಯುವವರೆಗೆ ಕಾಯಬೇಕಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 497 ಅಥವಾ 503ರಡಿ ಬಿಲ್, ಗುರುತಿನ ಚೀಟಿ, ಎಫ್‌ಐಆರ್ ಪ್ರತಿಯೊಂದಿಗೆ ಮಧ್ಯಂತರ ವಶಕ್ಕೆ ಕೇಳಿ. ಬಾಂಡ್ ಬರೆದುಕೊಟ್ಟು ಫೋನ್ ತರಬಹುದು, ಪ್ರಕರಣ ಮುಗಿಯುವವರೆಗೆ ಅದನ್ನು ಮಾರುವಂತಿಲ್ಲ.