ಒಂದು ಪ್ರೊಸೆಸರ್ ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆಯೇ?

ಪ್ರಶ್ನೆ: ನಮ್ಮದು ಮಂಡ್ಯದ ಪತ್ತಿನ ಸಹಕಾರ ಸಂಘ. ತಿಂಗಳ ಕೊನೆಗೆ ಬಡ್ಡಿ ಲೆಕ್ಕ ಹಾಕುವಾಗ ಸರ್ವರ್ ತೀರಾ ನಿಧಾನವಾಗುತ್ತದೆ. ಹೊಸದಕ್ಕೆ ಎರಡು ಪ್ರೊಸೆಸರ್ ಇರಲಿ, ಒಂದು ಕೆಟ್ಟರೂ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ ಎನ್ನುತ್ತಾರೆ ಮಾರುವವರು. ಒಂದೇ ಪ್ರೊಸೆಸರ್‌ನಲ್ಲಿ ಹೆಚ್ಚು ಕೋರ್ (ಲೆಕ್ಕ ಮಾಡುವ ಘಟಕ) ಇದ್ದರೆ ಸಾಲದೇ?

ಉತ್ತರ: ಧಾರಾಳವಾಗಿ ಸಾಕು. ‘ಒಂದು ಕೆಟ್ಟರೂ ಇನ್ನೊಂದು’ ಎಂಬ ಮಾತನ್ನು ಕೇಳಿ ಕೇಳಿ ನನಗೆ ರೋಸಿಹೋಗಿದೆ. ನಿಮ್ಮಂಥವರು ಕೊಳ್ಳುವ ಸರ್ವರ್‌ಗಳಲ್ಲಿ, ಕೆಲಸದ ನಡುವೆ ಒಂದು ಪ್ರೊಸೆಸರ್ ಕೈಕೊಟ್ಟರೆ ಇಡೀ ಯಂತ್ರವೇ ನಿಲ್ಲುತ್ತದೆ. ಕೆಟ್ಟದ್ದನ್ನು ತೆಗೆದು ಮತ್ತೆ ಚಾಲೂ ಮಾಡಿದರೂ ಆ ಸಾಕೆಟ್ಟಿಗೆ (ಪ್ರೊಸೆಸರ್ ಕೂರುವ ಜಾಗಕ್ಕೆ) ಸೇರಿದ ರ‍್ಯಾಮ್ ಕೆಲಸಕ್ಕೆ ಬಾರದು. ಹೀಗೆಂದು ಹೇಳದೆ ಮಾರುವುದು ಮೋಸ.

2005ರಲ್ಲಿ ಎಎಂಡಿ, ಇಂಟೆಲ್ ಎರಡೂ ಡ್ಯುಯಲ್ ಕೋರ್ ಚಿಪ್ ತಂದಾಗ ನಿಮ್ಮ ಪ್ರಶ್ನೆಗೆ ತೂಕವಿತ್ತು. 2017ರಲ್ಲಿ ಎಎಂಡಿಯ ಎಪಿಕ್ ಎಂಬ ಸರ್ವರ್ ಪ್ರೊಸೆಸರ್ ಒಂದೇ ಸಾಕೆಟ್ಟಿನಲ್ಲಿ 32 ಕೋರ್ ಕೊಟ್ಟಿತು. ಇಂದು ಎರಡನೆಯ ಸಾಕೆಟ್ ಬೇಕಾಗುವುದು ಒಂದರಲ್ಲಿ ಹಿಡಿಸದಷ್ಟು ರ‍್ಯಾಮ್, ಕಾರ್ಡ್ ಅಥವಾ ಕೋರ್ ಬೇಕಾದವರಿಗೆ. ಜೊತೆಗೊಂದು ತೊಡಕೂ ಇದೆ. ಪ್ರತಿ ಪ್ರೊಸೆಸರ್‌ಗೂ ಅದರದೇ ರ‍್ಯಾಮ್ ಇರುತ್ತದೆ. ಪಕ್ಕದ್ದರ ರ‍್ಯಾಮ್‌ನಿಂದ ಮಾಹಿತಿ ತರಿಸಲು ಹೆಚ್ಚು ಹೊತ್ತು ಕಾಯಬೇಕು.

ಖರೀದಿಗೆ ಮುನ್ನ ಒಂದು ಕೆಲಸ ಮಾಡಿ. ಬಡ್ಡಿ ಲೆಕ್ಕ ಓಡುತ್ತಿರುವಾಗಲೇ ಸರ್ವರ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಸಿಪಿಯು (ಅಂದರೆ ಪ್ರೊಸೆಸರ್) ನಕ್ಷೆಯನ್ನು ಕೋರ್‌ಗಳಿಗೆ ತಕ್ಕಂತೆ ಬಿಡಿಬಿಡಿಯಾಗಿ ತೋರುವಂತೆ ಮಾಡಿ. ಒಂದು ಚೌಕದ ಗೆರೆ ಮಾತ್ರ ನೆತ್ತಿ ಮುಟ್ಟಿ ಉಳಿದವು ತಳದಲ್ಲೇ ಹರಿದಾಡುತ್ತಿದ್ದರೆ, ನಿಮ್ಮ ತಂತ್ರಾಂಶ ಒಂದೇ ಕೋರ್ ಬಳಸುತ್ತಿದೆ. ಆಗ ನೀವು 64 ಕೋರ್ ಕೊಂಡರೂ ದುಡ್ಡು ದಂಡ. ಕಡಿಮೆ ಕೋರ್ ಇದ್ದರೂ ಒಂದೊಂದೂ ವೇಗವಾಗಿರುವ ಪ್ರೊಸೆಸರ್ ಆರಿಸಿ. ಸಿಪಿಯು ಸುಮ್ಮನಿದ್ದು ಡಿಸ್ಕ್ ಬಳಕೆ ಶೇ 100ಕ್ಕೆ ಅಂಟಿಕೊಂಡಿದ್ದರೆ ತಪ್ಪು ಹಳೆಯ ಹಾರ್ಡ್ ಡಿಸ್ಕಿನದು. ಸರ್ವರ್‌ಗೆಂದೇ ತಯಾರಾದ ಎಸ್‌ಎಸ್‌ಡಿ ಹಾಕಿಸಿ. ಚೌಕಗಳೆಲ್ಲವೂ ತುಂಬಿದ್ದರೆ ಮಾತ್ರ ಹೆಚ್ಚು ಕೋರ್‌ಗಳ ಮಾತೆತ್ತಿ.

ಪರವಾನಗಿಯ ಲೆಕ್ಕವನ್ನೂ ಮಾರುವವರು ಬಾಯಿಬಿಡುವುದಿಲ್ಲ. ವಿಂಡೋಸ್ ಸರ್ವರ್‌ಗೆ 2016ರ ಆವೃತ್ತಿಯಿಂದ ಕೋರ್ ಎಣಿಸಿ ಹಣ ಕಟ್ಟಬೇಕು. ಕನಿಷ್ಠ 16 ಕೋರ್. ಹನ್ನೆರಡು ಕೋರ್‌ನ ಎರಡು ಪ್ರೊಸೆಸರ್ ಹಾಕಿಸಿದರೆ 24ಕ್ಕೆ ಕಟ್ಟುತ್ತೀರಿ. ಸದಸ್ಯರ ಹಣ, ನೋಡಿ ಖರ್ಚು ಮಾಡಿ. ಉಳಿದದ್ದನ್ನು ಸಣ್ಣ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್, ಎರಡು ಪವರ್ ಸಪ್ಲೈ, ಒಳ್ಳೆಯ ಯುಪಿಎಸ್‌ಗೆ ಹಾಕಿ. ನಿಜಕ್ಕೂ ಒಂದು ಕೆಟ್ಟರೆ ಇನ್ನೊಂದು ಬೇಕೆಂದಿದ್ದರೆ ಎರಡನೆಯ ಸರ್ವರನ್ನೇ ಇಡಬೇಕು.

ಪ್ರಶ್ನೆ: ‘ಕೋರ್ ಐ7’ ಪ್ರೊಸೆಸರ್ ಎರಡನ್ನು ಜೋಡಿಸಿ ಸರ್ವರ್ ಮಾಡಬಹುದೇ? (ಮೈಸೂರು)

ಉತ್ತರ: ಆಗುವುದಿಲ್ಲ.

ಪ್ರಶ್ನೆ: ಹೈಪರ್‌ಥ್ರೆಡಿಂಗ್ ಇದ್ದರೆ 8 ಕೋರ್ 16 ಆಗುತ್ತದಂತೆ?

ಉತ್ತರ: ಅದು ಒಂದೇ ಕೋರ್‌ಗೆ ಒಮ್ಮೆಗೇ ಎರಡು ಕೆಲಸ ಕೊಡುವ ಉಪಾಯ. ಪರದೆಯ ಮೇಲೆ 16 ಕಾಣುತ್ತದೆ, ದುಡಿಯುವ ಕೋರ್ ಎಂಟೇ.

ಪ್ರಶ್ನೆ: ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ವ್ಯವಸ್ಥೆ) ಇದೆ, ಬ್ಯಾಕಪ್ ಯಾಕೆ? (ಶ್ರೀರಂಗಪಟ್ಟಣ)

ಉತ್ತರ: ರೇಡ್ ಇದ್ದರೂ ನೀವು ಅಳಿಸಿದ ಕಡತ ಎಲ್ಲ ಡಿಸ್ಕ್‌ಗಳಿಂದಲೂ ಒಟ್ಟಿಗೇ ಹೋಗುತ್ತದೆ. ದಯವಿಟ್ಟು ಇಂದೇ ಬ್ಯಾಕಪ್ ತೆಗೆದು ಬೇರೆ ಕಟ್ಟಡದಲ್ಲಿಡಿ.